ಬ್ಯಾಡಗಿಯ ಕೆಂಪು, ಗೋಬಿಯ ಕೆಂಪು: ಕೊಳಕು ಅಡುಗೆಮನೆಗೆ ಹೊಣೆ ಯಾರು?

2024ರ ಮಾರ್ಚ್ 11 ನೆನಪಿದೆಯಾ? ಬೆಲೆ ಕುಸಿತದ ಸಿಟ್ಟಿಗೆ ಮೆಣಸಿನಕಾಯಿ ಬೆಳೆಗಾರರು ಬ್ಯಾಡಗಿ ಎಪಿಎಂಸಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ ದಿನ. ಅವತ್ತೇ ಬೆಂಗಳೂರಿನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದರು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಕೆಂಪಿಗೇ ಹೆಸರಾದ ಬೆಳೆಗೆ ಬೆಲೆಯಿಲ್ಲದ ದಿನವೇ ಪೊಟ್ಟಣದ ಕೆಂಪು ರಾಜ್ಯದ ಸುದ್ದಿಯಾಯಿತು.

ಆ ಸುದ್ದಿಯಲ್ಲಿ ಎಲ್ಲರ ತಲೆಯಲ್ಲಿ ಉಳಿದದ್ದು '7 ವರ್ಷ ಜೈಲು, 10 ಲಕ್ಷ ದಂಡ' ಅನ್ನೋ ಎಚ್ಚರಿಕೆ. ಹಾವೇರಿ, ರಾಣೆಬೆನ್ನೂರಿನಲ್ಲಿ ಹೋಟೆಲ್ ಸ್ವಚ್ಛತೆಯ ಮಾತು ತೆಗೆದರೆ ಈಗಲೂ 'ಹಿಡದ ಒಳಗ ಹಾಕಬೇಕ್ರಿ' ಅನ್ನೋರು ಸಿಗ್ತಾರೆ. ಕಾನೂನು ಹೇಳೋದು ಬೇರೆ.

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಸೆಕ್ಷನ್ 59ರ ಪ್ರಕಾರ ಕನಿಷ್ಠ 7 ವರ್ಷ ಜೈಲು ಇರುವುದು ಅಸುರಕ್ಷಿತ ಆಹಾರ ತಿಂದು ಯಾರಾದರೂ ಸತ್ತಾಗ. ಯಾರಿಗೂ ಏನೂ ಆಗದಿದ್ದರೆ ಗರಿಷ್ಠ 3 ತಿಂಗಳು. 2023ರ ಜನ ವಿಶ್ವಾಸ್ ಕಾಯ್ದೆ ಬರುವವರೆಗೆ ಅದು 6 ತಿಂಗಳಿತ್ತು. ಇನ್ನು ಕೊಳಕು ಅಡುಗೆಮನೆ? ಅದು ಸೆಕ್ಷನ್ 56. ಜೈಲು ಇಲ್ಲವೇ ಇಲ್ಲ, ಹೆಚ್ಚೆಂದರೆ 1 ಲಕ್ಷ ದಂಡ. ಅದನ್ನು ತೀರ್ಮಾನಿಸುವುದು ಕೋರ್ಟ್ ಅಲ್ಲ, ಅಪರ ಜಿಲ್ಲಾಧಿಕಾರಿ.

ಆದರೂ ಈ ಸೆಕ್ಷನ್‌ಗೆ ಒಂದು ಬಲವಿದೆ. ತಾನೇ ಮಾಡಿರಲಿ, ತನ್ನ ಪರವಾಗಿ ಬೇರೆಯವರಿಂದ ಮಾಡಿಸಿರಲಿ, ಹೊಣೆ ತಪ್ಪದು. ಅಂದರೆ 'ಹುಡುಗ ಪಾತ್ರೆ ಸರಿ ತೊಳದಿಲ್ರಿ' ಅಂತ ಮಾಲೀಕ ಜಾರಿಕೊಳ್ಳುವಂತಿಲ್ಲ.

ಹಾಗಾದರೆ ಸಿಕ್ಕಿಕೊಂಡಿರುವುದು ಎಲ್ಲಿ? ನನ್ನ ಪ್ರಕಾರ ಸಾಕ್ಷ್ಯದಲ್ಲಿ. ಸಾಂಬಾರಿನ ಜಿರಳೆ ರೀಲ್ಸ್‌ಗೆ ಸಾಕು, ದಂಡಕ್ಕೆ ಸಾಲದು. ಅಡುಗೆಮನೆಯ ಕೊಳಕು ದಾಖಲಾಗಬೇಕಾದರೆ ಅಧಿಕಾರಿ ಬಂದು ನೋಡಬೇಕು. ಆಹಾರವೇ ಅಸುರಕ್ಷಿತ ಎನ್ನಬೇಕಾದರೆ ಮಾದರಿ ತೆಗೆದು ಲ್ಯಾಬಿಗೆ ಕಳಿಸಬೇಕು. ನಾವೋ, ವಿಡಿಯೊ ಹಾಕಿ ಮುಂದಿನ ಹೋಟೆಲಿಗೆ ಹೋಗಿರ್ತೀವಿ.

ನಮ್ಮ ಕೈಯಲ್ಲೇ ಇರುವ ದಾರಿಗಳು ಮೂರು. ಒಂದು, ಬಿಲ್ಲಿನಲ್ಲಿರುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಸಮೇತ ಜಿಲ್ಲೆಯ ಅಂಕಿತಾಧಿಕಾರಿಗೆ ಲಿಖಿತ ದೂರು. ಎರಡು, ಸೆಕ್ಷನ್ 40: ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿ, ಶುಲ್ಕ ಕಟ್ಟಿ ನೀವೇ ಆಹಾರ ಪರೀಕ್ಷೆ ಮಾಡಿಸಬಹುದು, ತಪ್ಪು ಸಾಬೀತಾದರೆ ಶುಲ್ಕ ವಾಪಸ್. ಮೂರು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ರಾಣೆಬೆನ್ನೂರು ಹೆದ್ದಾರಿಯಲ್ಲಿ ಉಂಡು ಕಾಯಿಲೆ ಬಿದ್ದ ಬೆಂಗಳೂರಿನ ಪ್ರಯಾಣಿಕ ಬೆಂಗಳೂರಿನಲ್ಲೇ ಪರಿಹಾರಕ್ಕೆ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಬಿಲ್ಲು, ವೈದ್ಯರ ಚೀಟಿ ಜೋಪಾನ.

ಇಷ್ಟು ಹೇಳಿ ಒಂದು ಎಚ್ಚರಿಕೆ. ಹೆದ್ದಾರಿಯ ದೊಡ್ಡ ಹೋಟೆಲಿಗೆ 1 ಲಕ್ಷ ಒಂದು ಖರ್ಚಷ್ಟೇ. ಬಸ್ ಸ್ಟ್ಯಾಂಡ್ ಪಕ್ಕದ ಮಿರ್ಚಿ ಗಾಡಿಯ ಅಕ್ಕನಿಗೆ 10 ಸಾವಿರವೂ ಬದುಕೇ ಮುಳುಗಿಸುವ ದುಡ್ಡು. ದಂಡ ಹಾಕುವಾಗ ಎಷ್ಟು ಲಾಭ ಮಾಡಿಕೊಂಡರು, ಗೊತ್ತಿದ್ದೂ ಮಾಡಿದರಾ, ಪದೇ ಪದೇ ಮಾಡಿದರಾ ಎಂಬುದನ್ನು ನೋಡಬೇಕೆಂದು ಸೆಕ್ಷನ್ 49 ಹೇಳುತ್ತದೆ. ಕೈ ತೊಳೆಯಲು ನಲ್ಲಿಯನ್ನೇ ಕೊಡದ ನಗರಸಭೆ, ಗಾಡಿಯವರ ಮೇಲೆ ಮಾತ್ರ ಸ್ವಚ್ಛತೆಯ ಹೊಣೆ ಹೊರಿಸಿದರೆ ಅದು ನ್ಯಾಯವಲ್ಲ.

ಆದ್ದರಿಂದ ನಾವು ಕೇಳಬೇಕಾದ್ದು ಇನ್ನಷ್ಟು ಜೈಲನ್ನಲ್ಲ. ಯಾವ ಹೋಟೆಲ್, ಯಾವ ಸೆಕ್ಷನ್, ಎಷ್ಟು ದಂಡ, ಕಟ್ಟಿದರೋ ಇಲ್ಲವೋ ಎಂಬುದನ್ನು ಜಿಲ್ಲಾಡಳಿತ ಪ್ರತಿ ತಿಂಗಳು ತನ್ನ ಜಾಲತಾಣದಲ್ಲಿ ಹಾಕಲಿ. ಗುಟ್ಟಾಗಿ ಕಟ್ಟಿದ ದಂಡಕ್ಕಿಂತ, ಊರೆಲ್ಲ ಓದಿದ ಆದೇಶಕ್ಕೆ ಮಾಲೀಕರು ಹೆಚ್ಚು ಹೆದರುತ್ತಾರೆ.