ಮಂದಣ್ಣನ ವಿದ್ಯಾಭ್ಯಾಸ
ಹೂಮಳೆ ಬಿದ್ದು ಮೂಡಿಗೆರೆಯ ಕಾಫಿತೋಟಗಳೆಲ್ಲ ಬೆಳ್ಳಗೆ ಅರಳಿದ ಈ ವಾರ, ಶಾಲಾವಾಹನಕ್ಕೆ ಕಾದಿದ್ದ ಬಾಲಕನೊಬ್ಬನು ಚೀಲವನ್ನು ಬೇಲಿಗೆ ತಗುಲಿಸಿ, ತುಡುವೆ ಜೇನೊಂದು ಹಿಂಗಾಲಿಗೆ ಪರಾಗದ ಉಂಡೆ ಕಟ್ಟಿಕೊಳ್ಳುವುದನ್ನು ತನ್ಮಯನಾಗಿ ನೋಡುತ್ತಿದ್ದುದನ್ನೂ, ಕಾಲಹರಣವೆಂದು ತಂದೆ ಗದರಿದುದನ್ನೂ ಕಂಡಾಗ, ಪೂರ್ಣಚಂದ್ರ ತೇಜಸ್ವಿಯವರು ಇದೇ ಸೀಮೆಯಲ್ಲಿದ್ದು ಬರೆದ ‘ಕರ್ವಾಲೊ’ (1980) ಕಾದಂಬರಿಯ ಮಂದಣ್ಣನು ನೆನಪಾದನು. ರೂಸೋ ತನ್ನ ‘ಎಮಿಲ್’ (1762) ಗ್ರಂಥದಲ್ಲಿ ಬಾಲಕನಿಗೆ ನಿಸರ್ಗವನ್ನೇ ಗುರುವಾಗಿಸಹೊರಟರೂ, ಆ ನಿಸರ್ಗದ ಒಂದೊಂದು ಪಾಠವನ್ನೂ ಮರೆಯಲ್ಲಿ ನಿಂತು ಅಣಿಗೊಳಿಸುವ ಉಪಾಧ್ಯಾಯನೊಬ್ಬನು ಅಲ್ಲಿ ಸದಾ ಇದ್ದಾನೆ. ಮಂದಣ್ಣನಿಗಾದರೋ ಅಂಥವರಾರೂ ಇರಲಿಲ್ಲ. ಕಾಡು ಅಲೆದು, ಜೇನು ಹಿಡಿದು, ಯಾರ ಲೆಕ್ಕಕ್ಕೂ ಬಾರದೆ ಬೆಳೆದ ಆತನು ಜವಾನನ ಕೆಲಸವೊಂದು ಸಿಕ್ಕರೆ ಸಾಕೆಂದು ಹಂಬಲಿಸುತ್ತಿರುವಾಗಲೇ, ವಿಜ್ಞಾನಿ ಕರ್ವಾಲೊ ಅವನಲ್ಲಿ ಹುಟ್ಟು ನಿಸರ್ಗತಜ್ಞನನ್ನು ಗುರುತಿಸುತ್ತಾರೆ. ಕರ್ವಾಲೊ ಅರಸಿ ಹೊರಡುವ ಹಾರುವ ಓತಿಯನ್ನು ಕಂಡವನೂ ಅವನೇ ಅಲ್ಲವೆ! ವಿಮರ್ಶಕರು ಈ ಕೃತಿಯ ತತ್ತ್ವವನ್ನು ಜೀವವಿಕಾಸದಲ್ಲಿಯೂ ಅನಂತ ಕಾಲದಲ್ಲಿಯೂ ಅರಸುವುದು ಯುಕ್ತವೇ ಆದರೂ, ನನ್ನ ಮಟ್ಟಿಗೆ ಅದರ ತಿರುಳು, ಯಾವ ಉದ್ದೇಶಕ್ಕೂ ಗುರಿಪಡದ ಬಾಲ್ಯದ ಅಲೆದಾಟವೇ ಮಂದಣ್ಣನನ್ನು ಮುಂದಿನ ಮಹತ್ಕಾರ್ಯಕ್ಕೆ ಸಿದ್ಧಗೊಳಿಸಿತೆಂಬುದರಲ್ಲಿದೆ. ಅಂಥ ಅಲೆದಾಟದ ಬೆಲೆಯನ್ನು ಕರ್ವಾಲೊರಂತೆ ಕಂಡುಹಿಡಿಯಬಲ್ಲ ಹಿರಿಯರು ಇಂದು ಕಳಸ, ಮೂಡಿಗೆರೆಗಳ ಶಾಲೆಗಳಲ್ಲಿ ಎಷ್ಟು ಮಂದಿ ಇದ್ದಾರೆಂಬುದೇ ನನ್ನನ್ನು ಬಾಧಿಸುತ್ತಿರುವ ಚಿಂತೆ.