ಗೋಲು ಹೊಡೆದವರ ಹೆಸರು

ಸಾಹಿತ್ಯದ ಪುಟದಲ್ಲಿ ಕಾಲ್ಚೆಂಡಾಟದ ಪ್ರಸ್ತಾಪವೇಕೆ ಎಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಪಾಠ, ಪರೀಕ್ಷೆ, ಹಸ್ತಪ್ರತಿಗಳ ನಡುವೆ ದಿನ ಕಳೆಯಬೇಕಾದ ಕನ್ನಡದ ಅಧ್ಯಾಪಕನಿಗೆ ಚೆಂಡಿನ ಗೊಡವೆ ಏತಕ್ಕೆ ಎಂದೂ ಕೇಳಬಹುದು. ಆದರೆ ಮಾಡಿದವನ ಹೆಸರನ್ನು ಉಳಿಸುವುದು ನಮ್ಮ ಭಾಷೆ ಕೈಗೊಂಡ ಅತ್ಯಂತ ಹಳೆಯ ಕೆಲಸಗಳಲ್ಲಿ ಒಂದು. ಕೋಲಾರದ ಸೀಮೆಯಲ್ಲಿ ಹೊಲದ ಬದುಗಳ ಮೇಲೂ ಕೆರೆಯ ಏರಿಗಳ ಬಳಿಯೂ ನಿಂತಿರುವ ವೀರಗಲ್ಲುಗಳನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ತುರುಗೊಳ್ಳಲು ಬಂದವರನ್ನು ತಡೆದು ಮಡಿದವನು ಅನೇಕ ವೇಳೆ ಊರಿನ ಒಬ್ಬ ಸಾಮಾನ್ಯ ಆಳು. ಆದರೂ ಕಲ್ಲು ಅವನ ಹೆಸರನ್ನು ಹೇಳುತ್ತದೆ. ಅವನು ಕಾದಿದ ಸಂದರ್ಭವನ್ನು ಹೇಳುತ್ತದೆ. ಕೆಲವೆಡೆ ಅವನ ಮನೆಯವರಿಗೆ ಕಲ್ನಾಡಾಗಿ ಕೊಟ್ಟ ಭೂಮಿಯನ್ನೂ ಹೇಳುತ್ತದೆ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟ ಈ ಜಿಲ್ಲೆಯ ಶಾಸನಗಳಿಗೇ ಮೀಸಲಾದುದು. ಹೆಸರು ಮತ್ತು ಅನ್ನ, ಈ ಎರಡನ್ನೂ ಜೊತೆಯಾಗಿ ಕೊಡಬೇಕೆಂಬ ವಿವೇಕ ನಮ್ಮ ಹಿರಿಯರಿಗೆ ಇದ್ದಿತು. ನಮಗೆ ಅದು ಎಷ್ಟರಮಟ್ಟಿಗೆ ಉಳಿದಿದೆ ಎಂಬುದೇ ಇಲ್ಲಿನ ಪ್ರಶ್ನೆ.

ಈ ಪ್ರಶ್ನೆಯನ್ನು ಪರೀಕ್ಷಿಸಲು ಕಾಲ್ಚೆಂಡಾಟದ ಮುಂಪಡೆಯವನಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು. ತೊಂಬತ್ತು ನಿಮಿಷಗಳ ಆಟದಲ್ಲಿ ಅವನ ಪಾಲಿಗೆ ಬರುವ ಅವಕಾಶಗಳು ಎರಡೋ ಮೂರೋ. ಕೈಗೂಡಿದರೆ ಜಯಘೋಷ, ತಪ್ಪಿದರೆ ನಿಂದೆ. ಮೂವತ್ತು ದಾಟಿತೆಂದರೆ ಕಾಲಿನ ವೇಗ ಇಳಿಮುಖವಾಗುತ್ತದೆ. ಮೂವತ್ತೈದರ ಹೊತ್ತಿಗೆ ಬಹುಮಂದಿಯ ಆಟ ಮುಗಿದಿರುತ್ತದೆ. ಇತರರು ವೃತ್ತಿಯಲ್ಲಿ ನೆಲೆಯೂರುವ ವಯಸ್ಸಿನಲ್ಲಿ ಅವನು ವೃತ್ತಿಯಿಂದ ನಿವೃತ್ತನಾಗುತ್ತಾನೆ. ಆ ಬಳಿಕ ಅವನಿಗೆ ಉಳಿಯುವುದು ಕೂಡಿಟ್ಟ ಹಣ ಮತ್ತು ಜನರ ನೆನಪು.

1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ಸಿನಲ್ಲಿ, ಇಲ್‌ಫರ್ಡಿನ ಮೈದಾನದಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸನ್ನು ಎದುರಿಸಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. ನಮಗೆ ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾದುವು. ಎಪ್ಪತ್ತನೆಯ ನಿಮಿಷದ ಹೊತ್ತಿಗೆ ಮೈಸೂರು ಸಂಸ್ಥಾನದ ಸಾರಂಗಪಾಣಿ ರಾಮನ್ ಗೋಲು ಹೊಡೆದು ಆಟವನ್ನು ಸಮ ಮಾಡಿದರು. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು ಗೆದ್ದಿತು. ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಭಾರತದ ಮೊದಲ ಗೋಲು ರಾಮನ್ ಅವರದು. ನಾಲ್ಕು ವರ್ಷಗಳ ಬಳಿಕ, 1952ರ ಹೆಲ್ಸಿಂಕಿಯಲ್ಲಿ, ಯುಗೊಸ್ಲಾವಿಯ ನಮ್ಮನ್ನು ಹತ್ತು ಗೋಲುಗಳಿಂದ ಕೆಡವಿತು. ಆ ದಿನ ನಮ್ಮ ಪಾಲಿಗೆ ಬಂದ ಒಂದೇ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಅಂದರೆ ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಎರಡು ಗೋಲುಗಳೂ ನಮ್ಮ ನಾಡಿನವರ ಕಾಲಿನಿಂದ ಬಂದವು. ಈ ಮಾತನ್ನು ನಾನು ಪದವಿ ತರಗತಿಗಳಲ್ಲಿ ಹೇಳಿದಾಗಲೆಲ್ಲ ವಿದ್ಯಾರ್ಥಿಗಳು ಅಚ್ಚರಿಪಟ್ಟಿದ್ದಾರೆ. ಮೊದಲೇ ತಿಳಿದಿದ್ದವನು ಒಬ್ಬನೂ ಸಿಕ್ಕಿಲ್ಲ.

ಅಹ್ಮದ್ ಖಾನರ ಆಟದ ಬಾಳು ಬಹುಪಾಲು ಕಳೆದದ್ದು ಕಲ್ಕತ್ತೆಯಲ್ಲಿ. 1949ರಲ್ಲಿ ಈಸ್ಟ್ ಬೆಂಗಾಲ್ ತಂಡವನ್ನು ಸೇರಿ ಸುಮಾರು ಹತ್ತು ವರ್ಷ ಅಲ್ಲಿ ಆಡಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ ಎಂಬ ಐವರ ಮುಂಪಡೆಯನ್ನು ಬಂಗಾಳದ ಜನ ಪಂಚಪಾಂಡವರೆಂದು ಕರೆದರು. ಐವರೂ ದಕ್ಷಿಣದವರು. ಹೆಸರನ್ನು ಭಾರತದ ಕಥೆಯಿಂದ ಎತ್ತಿಕೊಟ್ಟವರು ಬಂಗಾಳಿಗಳು. ಪಂಪ, ರನ್ನ, ಕುಮಾರವ್ಯಾಸರ ನಾಡಿನವರಾದ ನಾವು ಸುಮ್ಮನಿದ್ದೆವು. 1951ರ ದೆಹಲಿಯ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿಯೂ ಅಹ್ಮದ್ ಖಾನ್ ಇದ್ದರು. ಅವರು 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರನ್ನು ಕಲ್ಕತ್ತೆ ನೆನೆದಷ್ಟು ನಾವು ನೆನೆಯಲಿಲ್ಲವೆಂದರೆ ಯಾರೂ ಆಕ್ಷೇಪಿಸಲಾರರು.

ಇದಕ್ಕೆ ಹೊರನಾಡಿನ ಒಂದು ಬಾಳನ್ನು ಹೋಲಿಸಿ ನೋಡೋಣ. ಸ್ಪೇನ್ ದೇಶದ ಫೆರಾನ್ ಕೊರೊಮಿನಾಸ್ ಬಾರ್ಸಿಲೋನದ ಎಸ್ಪಾನ್ಯೋಲ್ ತಂಡದ ಮುಂಪಡೆಯವರು. 2006ರ ಮೇ ತಿಂಗಳಲ್ಲಿ, ಋತುವಿನ ಕಟ್ಟಕಡೆಯ ಪಂದ್ಯದ ಹೆಚ್ಚುವರಿ ನಿಮಿಷಗಳಲ್ಲಿ, ಅವರು ಹೊಡೆದ ಒಂದು ಗೋಲು ಆ ತಂಡವನ್ನು ಕೆಳಗಿನ ದರ್ಜೆಗೆ ಇಳಿಯದಂತೆ ಕಾಪಾಡಿತು. ಮುಂದೆ ಸ್ಪೇನಿನ ಬೇರೆ ತಂಡಗಳಲ್ಲಿಯೂ ಸೈಪ್ರಸ್ಸಿನಲ್ಲಿಯೂ ಆಡಿ, 2017ರಲ್ಲಿ, ಮೂವತ್ತನಾಲ್ಕರ ಪ್ರಾಯದಲ್ಲಿ, ಗೋವಾ ತಂಡಕ್ಕೆ ಬಂದರು. ಬಂದ ಮೊದಲ ವರ್ಷವೇ ಹದಿನೆಂಟು ಗೋಲು, ಮರುವರ್ಷ ಹದಿನಾರು. ಎರಡು ವರ್ಷವೂ ಲೀಗಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಅವರೇ. 2019ರ ಮಾರ್ಚಿ 17ರಂದು ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಅವರ ತಂಡ ಬೆಂಗಳೂರಿನ ತಂಡಕ್ಕೆ ಸೋತಿತು. ಈ ವಿವರಗಳನ್ನು ನಾನು ಇಷ್ಟು ಸಲೀಸಾಗಿ ಬರೆಯಲು ಕಾರಣವೇನು? ಅವನ್ನು ಯಾರೋ ಪಂದ್ಯ ಪಂದ್ಯಕ್ಕೂ ಗುರುತುಹಾಕಿ ಇಟ್ಟಿದ್ದಾರೆ. ಮೂವತ್ತನಾಲ್ಕರಲ್ಲಿ ಕಡಲು ದಾಟಿ ಬಂದವನಿಗೆ ಕೆಲಸ ದೊರೆತದ್ದಕ್ಕೂ ಆ ದಾಖಲೆಗೂ ನಂಟಿದೆ. ಯಾವ ತಂಡದಲ್ಲಿ ಎಷ್ಟು ಪಂದ್ಯ, ಎಷ್ಟು ಗೋಲು ಎಂಬ ಲೆಕ್ಕವೇ ಅವನ ಯೋಗ್ಯತಾಪತ್ರ. ದಾಖಲೆಯಿಲ್ಲದ ಆಟಗಾರನು ಹೊಸ ಊರಿನಲ್ಲಿ ಪರಿಚಯಪತ್ರವಿಲ್ಲದ ಅಪರಿಚಿತನಂತೆ.

ಈಗ ನಮ್ಮ ಊರಿಗೆ ಬರೋಣ. ಬಂಗಾರಪೇಟೆಯಿಂದ ಕವಲೊಡೆಯುವ ರೈಲುದಾರಿ ಕೋರಮಂಡಲ್, ಚಾಂಪಿಯನ್, ಊರಿಗಾಂಗಳನ್ನು ಹಾದು ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಿತು. ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಇಂಗ್ಲಿಷ್ ಅಧಿಕಾರಿಗಳು ತಮಗಾಗಿ ಜಿಮ್ಖಾನವನ್ನೂ ಗಾಲ್ಫ್ ಅಂಗಳವನ್ನೂ ಕಟ್ಟಿಕೊಂಡರು. ಗಾಲ್ಫ್ ಅವರಲ್ಲಿಯೇ ಉಳಿಯಿತು. ಒಂದು ಚೆಂಡು, ಒಂದು ಬಯಲು ಸಾಕಾಗುವ ಕಾಲ್ಚೆಂಡು ಕಾರ್ಮಿಕರ ಲೈನುಮನೆಗಳ ಹುಡುಗರಿಗೂ ಒಲಿಯಿತು. ತಮಿಳು, ತೆಲುಗು, ಕನ್ನಡ ಮೂರೂ ಬೆರೆತ ಕೂಗಿನಲ್ಲಿ ಸೈನೈಡ್ ದಿಬ್ಬಗಳ ಮಗ್ಗುಲ ಬಯಲುಗಳಲ್ಲಿ ಆಟ ನಡೆಯಿತು, ಇಂದಿಗೂ ನಡೆಯುತ್ತಿದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗಣಿ ಮುಚ್ಚಿದಾಗ ಕೂಲಿ ಹೋಯಿತೆಂದು ಎಲ್ಲರೂ ಬರೆದರು. ಕೂಲಿಯ ಸುತ್ತ ಕಟ್ಟಿಕೊಂಡಿದ್ದ ಬದುಕು, ಸಂಜೆಯ ಆಟವೂ ಅದರಲ್ಲಿ ಸೇರಿ, ಹೇಗೆ ಸಡಿಲಗೊಂಡಿತೆಂದು ಬರೆದವರು ವಿರಳ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಮುಂಪಡೆಯಲ್ಲಿ ಆಡುವ ಒಬ್ಬ ಹುಡುಗನಿದ್ದ. ಚೆಂಡು ಅವನ ಕಾಲಿಗೆ ಬಂದಿತೆಂದರೆ ಅಂಗಳದ ಅಂಚಿನಲ್ಲಿ ಮಾತು ನಿಲ್ಲುತ್ತಿತ್ತು. ಪದವಿ ಮುಗಿಯುವ ಮೊದಲೇ ಅವನು ಬೆಳಗಿನ ರೈಲು ಹಿಡಿದು ಬೆಂಗಳೂರಿನ ಉಗ್ರಾಣವೊಂದಕ್ಕೆ ಕೆಲಸಕ್ಕೆ ಹೋಗತೊಡಗಿದ. ಆಟವನ್ನು ಬಿಡಬೇಡವೆಂದು ನಾನು ಹೇಳಿದಾಗ, “ಸಾರ್, ಮನೆ ಬಾಡಿಗೆ ಯಾರು ಕಟ್ತಾರೆ?” ಎಂದ. ಆ ಮಾತಿನಲ್ಲಿ ದೂರಿರಲಿಲ್ಲ, ಲೆಕ್ಕವಿತ್ತು. ಬೆಳಕು ಹರಿಯುವ ಮುನ್ನ ಹೊರಟು ಇರುಳಿನಲ್ಲಿ ಮರಳುವವನಿಗೆ ಆಡಲು ಉಳಿಯುವ ಹೊತ್ತಾದರೂ ಯಾವುದು?

ಹಿಂದೊಮ್ಮೆ ಈ ಪ್ರಶ್ನೆಗೆ ಅರೆಬರೆ ಉತ್ತರವಾದರೂ ಇದ್ದಿತು. ಬೆಂಗಳೂರಿನಲ್ಲಿ ಐ.ಟಿ.ಐ., ಎಚ್.ಎ.ಎಲ್. ಮೊದಲಾದ ಸರ್ಕಾರೀ ಉದ್ಯಮಗಳು ಆಟಗಾರರಿಗೆ ಕೆಲಸ ಕೊಟ್ಟು ತಂಡಗಳನ್ನು ಸಾಕಿದುವು. ಕಾಲು ಸೋತ ಮೇಲೂ ಸಂಬಳ ನಿಲ್ಲುತ್ತಿರಲಿಲ್ಲ. ಒಂದು ಬಗೆಯಲ್ಲಿ ಅದು ಆ ಕಾಲದ ಕಲ್ನಾಡು. ಮೈಸೂರು ತಂಡ 1946-47, 1952-53, 1967-68, 1968-69ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಆಮೇಲೆ ಐವತ್ತನಾಲ್ಕು ವರ್ಷ ಬರಿಗೈ. 2023ರ ಮಾರ್ಚಿ 4ರಂದು ರಿಯಾಧಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಅದನ್ನು ಮರಳಿ ತಂದಿತು. ಪ್ರತಿಭೆ ಬತ್ತಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಕೆಲಸ ಕಳೆದುಕೊಂಡ ಊರಿನಲ್ಲಿ ನೀರು, ಮನೆ, ಉದ್ಯೋಗಗಳ ಚಿಂತೆಯಿರುವಾಗ ಗೋಲಿನ ಲೆಕ್ಕ ಯಾರಿಗೆ ಬೇಕೆಂದು ಕೇಳುವವರುಂಟು. ಮಾತು ಸರಿಯಾದುದೇ. ಆದರೆ ನೆನಪಿಗೂ ಅನ್ನಕ್ಕೂ ಜಗಳ ಹಚ್ಚಬೇಕಾಗಿಲ್ಲ. ತನ್ನ ಊರಿನಲ್ಲಿ ಏನೂ ನಡೆದಿಲ್ಲವೆಂದು ನಂಬಿದ ಹುಡುಗ ತನ್ನಿಂದಲೂ ಏನೂ ಆಗದೆಂದು ನಂಬುತ್ತಾನೆ. ಕೆ.ಜಿ.ಎಫ್. ಎಂದರೆ ಇಂದು ನಾಡಿಗೆಲ್ಲ ನೆನಪಾಗುವುದು 2018ರ ಒಂದು ಚಲನಚಿತ್ರ. ಇಲ್ಲಿ ನಿಜವಾಗಿ ಬಾಳಿದವರ ಕಥೆಯನ್ನು ಇಲ್ಲಿಯವರೇ ಬರೆಯದಿದ್ದರೆ ಕಟ್ಟುಕಥೆಯೇ ಚರಿತ್ರೆಯಾಗಿ ನಿಂತೀತು.

ಅನ್ನದ ಭಾಗ ಸರ್ಕಾರದ್ದು, ಉದ್ಯಮಗಳದ್ದು. ಆಡುವವನಿಗೆ ಓದು ಮುಗಿಸುವಷ್ಟು ಕಾಲವಾದರೂ ವಿದ್ಯಾರ್ಥಿವೇತನ ಬೇಕು, ಪಂದ್ಯಕ್ಕೆ ಹೋದ ದಿನಗಳಿಗೆ ಹಾಜರಾತಿ ಬೇಕು. ಇದನ್ನು ಕೇಳುವ ದನಿ ಕ್ರೀಡಾಧ್ಯಾಪಕನದು ಮಾತ್ರ ಆಗಿದ್ದರೆ ಸಾಲದು. ಭಾಷೆಯ, ಚರಿತ್ರೆಯ ಅಧ್ಯಾಪಕರೂ ಕೇಳಬೇಕು. ಹೆಸರಿನ ಭಾಗವಂತೂ ನಮ್ಮದೇ. ಇದಕ್ಕೆ ಹಣ ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ, ಆಂಡರ್ಸನ್‌ಪೇಟೆಯಲ್ಲಿ, ಬಂಗಾರಪೇಟೆಯಲ್ಲಿ ಹಿಂದೆ ಆಡಿದ ಹಿರಿಯರು ಇನ್ನೂ ಇದ್ದಾರೆ. ಕನ್ನಡ ವಿಭಾಗಗಳು ವರ್ಷಕ್ಕೆ ಹತ್ತು ವಿದ್ಯಾರ್ಥಿಗಳನ್ನಾದರೂ ಅವರ ಮನೆಗಳಿಗೆ ಕಳುಹಿಸಲಿ. ಹಿರಿಯರು ತಮಿಳಿನಲ್ಲಿ ಹೇಳಲಿ, ತೆಲುಗಿನಲ್ಲಿ ಹೇಳಲಿ, ಕನ್ನಡದಲ್ಲಿ ಹೇಳಲಿ. ವಿದ್ಯಾರ್ಥಿ ಅದನ್ನು ಕನ್ನಡದಲ್ಲಿ ಬರೆಯಲಿ. ಯಾವ ವರ್ಷ, ಯಾವ ಮೈದಾನ, ಎದುರಾಳಿ ಯಾರು, ಗೋಲು ಯಾರದು, ಆ ದಿನ ಅವನು ಯಾವ ಪಾಳಿ ಮುಗಿಸಿ ಬಂದಿದ್ದ, ಇಷ್ಟು ಸಾಕು. ಕನ್ನಡ ಮನೆಮಾತಲ್ಲದ ಮಕ್ಕಳಿಗೆ ಕನ್ನಡದಲ್ಲಿ ಬರೆಯಲು ಇದಕ್ಕಿಂತ ಒಳ್ಳೆಯ ಕಾರಣ ಯಾವ ಪಠ್ಯದಲ್ಲಿಯೂ ದೊರೆಯದು.

ಕಲ್ಲು ಕಡೆಯುವ ಶಿಲ್ಪಿ ಈಗ ಬೇಕಾಗಿಲ್ಲ. ಒಂದು ನೋಟುಪುಸ್ತಕ ಸಾಕು. ಆದರೆ ಹೇಳುವವರ ವಯಸ್ಸು ಎಂಬತ್ತರ ಹತ್ತಿರವಿದೆ. ಈ ವರ್ಷದ ಪಾಠಗಳು ಆರಂಭವಾದೊಡನೆಯೇ ಈ ಕೆಲಸವೂ ಆರಂಭವಾಗಲಿ.