ಹಸಿರು ದೀಪದ ಹಿಂದಿನ ಲೆಕ್ಕ

ಹೋದ ತಿಂಗಳು ಬೆಂಗಳೂರಿನಿಂದ ಊರಿಗೆ ಬರುವಾಗ ನಮ್ಮ ಗಾಡಿ ಸಿಗ್ನಲ್ ಸಿಗದೆ ಬಯಲಲ್ಲಿ ಅರ್ಧ ತಾಸು ನಿಂತಿತ್ತು. ತಿಕೋಟಾ ಇರಲಿ, ಬಬಲೇಶ್ವರ ಇರಲಿ, ನಮಗೆಲ್ಲ ರೈಲು ಅಂದರೆ ವಿಜಯಪುರ ಸ್ಟೇಷನ್ನೇ. ಅಲ್ಲಿ ಕಾದು ಕಾದು ಸಾಕಾಗಿದ್ದ ತಿಕೋಟಾದ ಕಾಕಾ ಬೈಕ್ ಚಾಲೂ ಮಾಡುತ್ತಲೇ ಕೇಳಿದರು: "ತಮ್ಮಾ, ನೀವು ಕುಂತಲ್ಲೇ ಫೋನಿನ್ಯಾಗ ರೊಕ್ಕ ಕಳಸ್ತೀರಿ. ಈ ಸಿಗ್ನಲ್ ಸುಧಾರಿಸಾಕ ಇಷ್ಟ್ಯಾಕ ತಡ?"

ಪ್ರಶ್ನೆ ಸರಿಯೇ. ಉತ್ತರ ಮಾತ್ರ ಒಂದೇ ಸಾಲಿನದ್ದಲ್ಲ.

ಮೊದಲು ರೊಕ್ಕದ ಮಾತು. ಚಾಲಕ ಕೆಂಪು ದೀಪ ಕಂಡೂ ನಿಲ್ಲಿಸದಿದ್ದರೆ ತಾನಾಗಿಯೇ ಬ್ರೇಕ್ ಹಾಕುವ ವ್ಯವಸ್ಥೆ ನಮ್ಮ 'ಕವಚ್'. ಪ್ರಯಾಣಿಕರ ಗಾಡಿಗಳಲ್ಲಿ ಇದರ ಪರೀಕ್ಷೆ 2016ರಲ್ಲಿ ಶುರುವಾಯಿತು. ಆ ಮೊದಲ ಮಾರ್ಗಗಳು ನಮ್ಮ ವಾಡಿ, ಬೀದರ್ ಕಡೆಯವೇ. ಸರ್ಕಾರ ಕೊಟ್ಟ ಅಂದಾಜಿನಂತೆ ಹಳಿ ಮತ್ತು ಸ್ಟೇಷನ್ ಭಾಗಕ್ಕೆ ಕಿಲೋಮೀಟರಿಗೆ ಸುಮಾರು 50 ಲಕ್ಷ ರೂಪಾಯಿ, ಒಂದು ಎಂಜಿನ್ನಿಗೆ ಸುಮಾರು 80 ಲಕ್ಷ. ವಿಜಯಪುರದ ಮೇಲೆ ಹೋಗುವ ಗದಗ-ಹೊಟಗಿ ಮಾರ್ಗ 284 ಕಿ.ಮೀ. ಆ ದರದಲ್ಲಿ ಬರೀ ನೆಲದ ಕೆಲಸಕ್ಕೇ 142 ಕೋಟಿ. ಹಳಿಗೆ ಹಾಕಿ ಎಂಜಿನ್ನಿಗೆ ಹಾಕದಿದ್ದರೆ ಉಪಯೋಗವಿಲ್ಲ. ಆ್ಯಪ್ ಇಬ್ಬರ ಫೋನಿನಲ್ಲೂ ಇರಬೇಕಲ್ಲ, ಹಾಗೆ.

ಶ್ರೀಮಂತ ಯುರೋಪ್ ಕೂಡ ಇಲ್ಲೇ ಸಿಕ್ಕಿಹಾಕಿಕೊಂಡಿದೆ. ಅಲ್ಲಿ ಒಂದೊಂದು ದೇಶಕ್ಕೆ ಒಂದೊಂದು ಸಿಗ್ನಲ್ ಪದ್ಧತಿ. ಎಲ್ಲವನ್ನೂ ಒಂದೇ ಮಾಡಲು 'ಇಟಿಸಿಎಸ್' ತಂದರು. 2050ರೊಳಗೆ ಅದಕ್ಕೆ 190 ಬಿಲಿಯನ್ ಯುರೋವರೆಗೆ ಬೇಕಾಗಬಹುದು ಎಂದು ಯುರೋಪಿನ ಲೆಕ್ಕಪರಿಶೋಧಕರು 2017ರಲ್ಲೇ ಹೇಳಿದರು. ಹೊಸದು ಪೂರ್ತಿ ಬರುವತನಕ ಹಳೆಯದನ್ನೂ ಸಾಕಬೇಕು. ಗಾಡಿ ಓಡುತ್ತಿರುವಾಗಲೇ ಕೆಲಸ ಮಾಡಬೇಕು.

ರೊಕ್ಕ ಇದ್ದರೂ ಸಾಲದು ಅಂತ ನನಗೆ ಅನ್ನಿಸಿದ್ದು ಬಾಲಸೋರ್ ಅಪಘಾತದಿಂದ. 2023ರ ಜೂನ್ 2ರಂದು ಅಲ್ಲಿ 290ಕ್ಕೂ ಹೆಚ್ಚು ಜನ ಸತ್ತರು. ಚಾಲಕ ಕೆಂಪು ದೀಪ ದಾಟಿರಲಿಲ್ಲ. ದೀಪ ನೇರ ದಾರಿಗೆ ಹಸಿರು ತೋರಿಸುತ್ತಿತ್ತು, ಹಳಿ ಮಾತ್ರ ಪಕ್ಕದ ಲೂಪ್ ಲೈನಿಗೆ ತಿರುಗಿತ್ತು. ಹಿಂದೊಮ್ಮೆ ವೈರಿಂಗ್ ಬದಲಿಸಿದಾಗ ಆದ ಲೋಪ ಮತ್ತು ವೈರುಗಳ ಮೇಲಿದ್ದ ತಪ್ಪು ಗುರುತು ತನಿಖೆಯಲ್ಲಿ ಹೊರಬಂದವು. ಓದುವಾಗ ಮೈ ಜುಂ ಅಂತು. 'ಆಮೇಲೆ ಬರೆದಿಟ್ಟರಾಯಿತು' ಅಂತ ನಾನೂ ಎಷ್ಟು ಸಲ ಕೋಡ್ ಬದಲಿಸಿ ಸುಮ್ಮನಾಗಿಲ್ಲ? ನನ್ನ ತಪ್ಪಿಗೆ ಒಂದು ಪೇಜ್ ಕೆಡುತ್ತದೆ, ಅಷ್ಟೇ.

ಇದನ್ನೆಲ್ಲ ಹೇಳಿದಾಗ ಕಾಕಾ ನಕ್ಕರು: "ನಮ್ಮ ದ್ರಾಕ್ಷಿ ಪಡದಾಗೂ ಅದ ಕತಿ. ಪೈಪು ಎಲ್ಲೆಲ್ಲಿ ಹೋಗ್ಯಾವಂತ ಗುರ್ತು ಇಡದಿದ್ರ, ಮುಂದ ಅಗಿಯಾಂವ ಒಡದಾ ಒಡಿತಾನ."

ಇನ್ನು ಮುಂದೆ 'ಇಷ್ಟು ಕೋಟಿ ಮಂಜೂರು' ಅಂತ ಸುದ್ದಿ ಬಂದರೆ ನಾನು ಇನ್ನೂ ಎರಡು ಪ್ರಶ್ನೆ ಕೇಳುವವನಿದ್ದೇನೆ: ಬದಲಿಸಿದ್ದನ್ನು ಪರೀಕ್ಷೆ ಮಾಡಿದವರು ಯಾರು? ಬರೆದಿಟ್ಟವರು ಯಾರು? ಸೋಮವಾರ ಆಫೀಸಿಗೆ ಹೋದ ಮೇಲೆ ಮೊದಲು ನನಗೇ ಕೇಳಿಕೊಳ್ಳಬೇಕು.